ಹುಣಸಿ ಬೀಜದ ಲೆಕ್ಕ

ನಮ್ಮೂರಾಗ ಚೌಕಾಬಾರ ಆಡದವರು ಯಾರೂ ಇಲ್ಲ. ಕವಡಿ ಇಲ್ಲದವರು ಹುಣಸಿ ಬೀಜ ಒಡೆದು ಹೋಳು ಮಾಡಿ ಆಡುತ್ತಾರೆ. ಹೋಳಿನ ಒಂದು ಮಗ್ಗಲು ಬಿಳಿ, ಇನ್ನೊಂದು ಕರಿ. ನಾಲ್ಕು ಹೋಳು ಎಸೆದಾಗ ಎಷ್ಟು ಬಿಳಿ ಮೇಲೆ ಬೀಳುತ್ತವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕರಿ ಬಿದ್ದರೆ ಬಾರ, ಅಂದರೆ 8.

ಈ ಸಲ ಜಾತ್ರ್ಯಾಗ ಒಬ್ಬಾತ ಇದೇ ಬೀಜ ಇಟ್ಟುಕೊಂಡು ಕುಂತಿದ್ದ. ಒಂದು ಸಲ ಎಸೆಯಲಿಕ್ಕೆ 10 ರೂಪಾಯಿ. ಚೌಕ ಇಲ್ಲವೆ ಬಾರ ಬಿದ್ದರೆ 50 ರೂಪಾಯಿ ಕೊಡುತ್ತಿದ್ದ. ಬೇರೆ ಏನು ಬಿದ್ದರೂ ರೊಕ್ಕ ಅವನದು.

ನನ್ನ ಗೆಳೆಯನ ಕಿಸೆಯಲ್ಲಿ 160 ರೂಪಾಯಿ ಇದ್ದವು. ಅವನ ಅವ್ವ ಮೆಣಸಿನಕಾಯಿ ಬಿಡಿಸಿದ ಕೂಲಿಯೊಳಗ ನೋಟಬುಕ್ಕು, ಕಂಪಾಸ ಪೆಟ್ಟಿಗಿ ತರಲಿಕ್ಕೆ ಕೊಟ್ಟಿದ್ದಳು. ಅವನು ಅಂದ: "ಬೀಳೂದು ಐದ ಥರ. 1, 2, 3, 4, 8. ಅದರಾಗ ಎರಡು ನಮ್ಮವು. ಐದು ಸಲ ಎಸೆದರ 50 ಹೋಗತೈತಿ, 100 ಬರತೈತಿ. ನಾಳೆ ಸಂಜಿಗೆ ಆಡತೇನಿ."

ನನಗೆ ಅದು ಸರಿ ಕಾಣಲಿಲ್ಲ. "ಮೊದಲ ಎಸೆದು ನೋಡೋಣು" ಅಂದೆ. ಗುಡಿ ಕಟ್ಟೆಯ ಮೇಲೆ ಕುಂತು ನಾನು 160 ಸಲ ಎಸೆದೆ. ಅವನು ಇದ್ದಲಿಯಿಂದ ಗೆರೆ ಹಾಕಿದ. 1 ಬಿದ್ದದ್ದು 43 ಸಲ, 2 ಬಿದ್ದದ್ದು 57, 3 ಬಿದ್ದದ್ದು 39, ಚೌಕ 9, ಬಾರ 12. ಅವನ ಲೆಕ್ಕದ ಪ್ರಕಾರ ಚೌಕ, ಬಾರ ಕೂಡಿ 64 ಸಲ ಬೀಳಬೇಕಿತ್ತು. ಬಿದ್ದದ್ದು 21. ಅವನು ಕೇಳಲಿಲ್ಲ. "ನಿನ್ನ ಕೈಗುಣ ಛಲೋ ಇಲ್ಲ" ಅಂದ. ಈ ಮಾತಿಗೆ ಇನ್ನೂ ಸಾವಿರ ಸಲ ಎಸೆದರೂ ಉತ್ತರ ಸಿಗುವುದಿಲ್ಲ.

ಅದಕ್ಕೆ ಎರಡನೇ ದಾರಿ ಹಿಡಿದೆ. ಪ್ರತಿ ಬೀಜ ಬಿಳಿ ಬೀಳಬೇಕು, ಇಲ್ಲವೆ ಕರಿ. ನಾಲ್ಕು ಬೀಜಕ್ಕೆ 2×2×2×2, ಅಂದರೆ 16 ಬಗೆ. ಎಲ್ಲವನ್ನೂ ಪಾಟಿಯ ಮೇಲೆ ಬರೆದೆ. ಒಂದು ಬಿಳಿ ಇದ್ದವು 4, ಎರಡು ಬಿಳಿ ಇದ್ದವು 6, ಮೂರು ಬಿಳಿ ಇದ್ದವು 4. ಚೌಕ ಒಂದೇ, ಬಾರ ಒಂದೇ. ಬೀಜ ಎರಡೂ ಮಗ್ಗಲಿಗೆ ಸಮನಾಗಿ ಬೀಳುತ್ತದೆ ಎಂದು ಹಿಡಿದರೆ 16ರಲ್ಲಿ 2 ಮಾತ್ರ ನಮ್ಮವು. 160ಕ್ಕೆ 20. ಗೆಳೆಯ ಸ್ವಲ್ಪ ಸುಮ್ಮನಾದ. ಆಮೇಲೆ, "ನೀ ಬರಿಯೂದರಾಗ ಒಂದೆರಡು ಬಿಟ್ಟಿರಬೇಕು" ಅಂದ.

ಮರುದಿನ ಗಣಿತದ ಸರ್ ಅವರನ್ನು ಕೇಳಿದೆವು. ಅವರು ಮಹಾವೀರಾಚಾರ್ಯರ ಹೆಸರು ಹೇಳಿದರು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವರು 'ಗಣಿತಸಾರಸಂಗ್ರಹ' ಬರೆದರು. ಆರು ರುಚಿಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದು ಎಂಬ ಲೆಕ್ಕ ಅದರಲ್ಲಿದೆಯಂತೆ. ನಾಲ್ಕರಲ್ಲಿ ಎರಡನ್ನು ಆರಿಸಬೇಕಾದರೆ ಮೇಲೆ 4×3, ಕೆಳಗೆ 1×2 ಬರೆಯಬೇಕು. 12ನ್ನು 2ರಿಂದ ಭಾಗಿಸಿದರೆ 6. ಮೂರನ್ನು ಆರಿಸಲಿಕ್ಕೆ ಮೇಲೆ 4×3×2, ಕೆಳಗೆ 1×2×3. ಬಂದದ್ದು 4. ಪಾಟಿಯ ಮೇಲೆ ಯಾವುದೂ ಬಿಟ್ಟಿರಲಿಲ್ಲ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ನವನಗರದ ಮ್ಯಾಲೆ ಬಸ್ಸಿನಾಗ ಹೋಗಬಹುದು, ನವಲೂರ ಮ್ಯಾಲೆ ರೈಲಿನಾಗೂ ಹೋಗಬಹುದು. ಮುಟ್ಟುವ ಊರು ಒಂದೇ. ಎಸೆದದ್ದರಿಂದ ಏನಾಗುತ್ತದೆ ಎಂದು ತಿಳಿಯಿತು, ಬರೆದದ್ದರಿಂದ ಯಾಕೆ ಎಂದು ತಿಳಿಯಿತು, ಸೂತ್ರದಿಂದ ಧೈರ್ಯ ಬಂತು.

ಈಗ ರೊಕ್ಕದ ಲೆಕ್ಕ. 16 ಸಲ ಎಸೆದರೆ 160 ರೂಪಾಯಿ ಹೋಗುತ್ತದೆ. ಸರಾಸರಿ ಎರಡು ಸಲ ಗೆದ್ದರೆ 100 ಬರುತ್ತದೆ. ಉಳಿದ 60 ಜಾತ್ರಿಯವನಿಗೆ. ಒಂದು ದಿನ ಯಾರಾದರೂ ಗೆಲ್ಲಬಹುದು, ಆದರೆ ಜಾತ್ರಿ ಮುಗಿಯುವ ಹೊತ್ತಿಗೆ ಗೆದ್ದವನು ಅವನೇ ಇರುತ್ತಾನೆ.

ಅವತ್ತು ಸಂಜೆ ಗೆಳೆಯ ಅಲ್ಲಿಗೆ ಹೋದದ್ದು ಖರೆ. ಆದರೆ ಕಿಸೆಗೆ ಕೈ ಹಾಕಲಿಲ್ಲ. ಬೇರೆಯವರು ಎಸೆದದ್ದನ್ನು ನಿಂತು ಎಣಿಸಿದ. 40ರಲ್ಲಿ 6 ಸಲ ಮಾತ್ರ ಚೌಕ, ಬಾರ ಬಿದ್ದವು. ಸೋಮವಾರ ಹೊಸ ಕಂಪಾಸ ಪೆಟ್ಟಿಗಿ ತಂದು ಎಲ್ಲರಿಗೂ ತೋರಿಸಿದ.

ಓದುಗ ಮಿತ್ರರೇ, ಆರು ಬೀಜ ಎಸೆದರೆ 64 ಬಗೆ ಆಗುತ್ತವೆ. ಅವುಗಳಲ್ಲಿ ಸರಿಯಾಗಿ ಮೂರು ಬಿಳಿ ಇರುವವು ಎಷ್ಟು? ಯಾವ ದಾರಿಯಿಂದಾದರೂ ಮಾಡಿರಿ, ಆದರೆ ಎರಡು ದಾರಿಯಿಂದ ಮಾಡಿರಿ.