ಹಿನ್ನೀರು ಇಳಿದ ಮೇಲಿನ ಬಯಲು

ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ. ಅಜ್ಜನ ಮನೆಯಲ್ಲಿ ಈ ಲೆಕ್ಕ ಗೊತ್ತಿಲ್ಲದ ಮಗುವೇ ಇರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಷ್ಟೂ ಬಯಲು, ಬಯಲಾದಲ್ಲೆಲ್ಲ ಹುಲ್ಲು, ಹುಲ್ಲಿದ್ದಲ್ಲಿ ದನ, ದನ ಹೋದಲ್ಲಿಗೆ ನಾವು. ರಜೆಯ ಅದೃಷ್ಟವೆಲ್ಲ ಆ ಮಟ್ಟದ ಮೇಲೆಯೇ ನಿಂತಿತ್ತು.

ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿಯ ಆಚೆ ದಡ. 1964ರಲ್ಲಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಅಜ್ಜನ ಹಳೆಯ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ಒಳಗೆ ಹೋದವು. ಊರಿನ ಹೆಚ್ಚಿನವರು ಪರಿಹಾರದ ಜಮೀನು ಹುಡುಕಿ ದೂರ ಹೋದರು. ಅಜ್ಜ ಹೋಗಲಿಲ್ಲ. ಕಿಟಕಿ, ಬಾಗಿಲು, ಜಂತಿಗಳನ್ನು ಬಿಚ್ಚಿ ಗಾಡಿಗೆ ಹೇರಿ ಗುಡ್ಡ ಹತ್ತಿಸಿ, ಮೇಲೆ ಮತ್ತೊಂದು ಮನೆ ಕಟ್ಟಿದ. ನಾವು ಅಲ್ಲಿಗೆ ಹೋಗುತ್ತಿದ್ದದ್ದು ಎಂಬತ್ತರ ದಶಕದಲ್ಲಿ. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ದಡದಲ್ಲಿ ನಮಗೆ ಚಿಮಣಿ ದೀಪ! ದೊಡ್ಡವರು ಇದನ್ನು ಹೇಳಿ ಹೇಳಿ ಬೈಯುತ್ತಿದ್ದರು. ನಮಗೋ ಕತ್ತಲೆ ಇದ್ದರೇ ದೆವ್ವದ ಕತೆಗೆ ಅನುಕೂಲ. ಹೊಳೆ ದಾಟಲು ಲಾಂಚ್ ಒಂದೇ ದಾರಿ. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆ ಬಂದದ್ದು 2025ರ ಜುಲೈಯಲ್ಲಿ, ಅಜ್ಜ ಅಜ್ಜಿ ಇಬ್ಬರೂ ಹೋಗಿ ಎಷ್ಟೋ ವರ್ಷಗಳಾದ ಮೇಲೆ.

ಕೊಟ್ಟಿಗೆ ತುಂಬ ಮಲೆನಾಡು ಗಿಡ್ಡಗಳು. ಆಳೆತ್ತರದ ಬೇಲಿಯನ್ನೂ ಲೆಕ್ಕಕ್ಕಿಡದ ಪುಟ್ಟ ದನ ಅವು. ಹಾಲು ಒಂದೆರಡು ಸೇರು ಕೊಟ್ಟರೆ ಹೆಚ್ಚು, ಆದರೆ ತಂಟೆಗೆ ಮಿತಿಯಿಲ್ಲ. ಕೆಂಪಿ ಎಂಬವಳು ನಾಯಕಿ. ಬೇಲಿ ಹಾರಬಾರದೆಂದು ಮಾವ ಅವಳ ಕೊರಳಿಗೆ ಮರದ ತುಂಡು ಕಟ್ಟಿದ್ದ. ಅವಳು ತುಂಡಿನ ಸಮೇತ ಹಾರುವುದನ್ನು ಕಲಿತಳು. ಏಪ್ರಿಲ್ ಹೊತ್ತಿಗೆ ಬೆಟ್ಟದಲ್ಲಿ ಮೇಯಲು ದರಕು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕೆಳಗೆ ಹಿನ್ನೀರಿನ ಅಂಚಿನಲ್ಲಿ ಮಾತ್ರ ಎಳೆ ಹಸಿರು. ಬೆಳಿಗ್ಗೆ ಕರೆದಾದ ಮೇಲೆ ಹಗ್ಗ ಬಿಚ್ಚಿದರಾಯಿತು, ಕೆಂಪಿ ಮುಂದೆ, ಉಳಿದವು ಹಿಂದೆ, ಕೋಲು ಹಿಡಿದ ನಾವು ಕೊನೆಗೆ. ದನ ಕಾಯಲು ಹೋಗುತ್ತೇವೆ ಎಂಬುದು ನಮ್ಮ ಜಂಬ. ದಾರಿ ಗೊತ್ತಿದ್ದದ್ದು ಅವಕ್ಕೇ. ಎಮ್ಮೆಗಳು ಹುಲ್ಲಿಗೆ ನಿಲ್ಲುತ್ತಿರಲಿಲ್ಲ, ನೇರ ನೀರಿಗೆ. ಮೂಗು, ಕೋಡು ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಅಲ್ಲೇ. ಅವುಗಳ ಬೆನ್ನೇರಲು ನಮ್ಮಲ್ಲಿ ಸರದಿ ಇತ್ತು. ಸರದಿಯ ಜಗಳವೂ ಇತ್ತು.

ಆ ಬಯಲೇ ಒಂದು ವಿಚಿತ್ರ. ವರ್ಷದ ಅರ್ಧ ನೀರೊಳಗೆ ಕೂತ ಮರದ ಬೊಡ್ಡೆಗಳು ಕಪ್ಪಾಗಿ, ಕಲ್ಲಿನಷ್ಟು ಗಟ್ಟಿಯಾಗಿ ಎದ್ದು ನಿಂತಿರುತ್ತಿದ್ದವು. ಎಲ್ಲಿಗೂ ಹೋಗದ ಗಾಡಿ ದಾರಿ ಕಾಣುತ್ತಿತ್ತು. ಬರಿ ನೆಲದ ಮೇಲೆ ಟಿಟ್ಟಿಭ ಮೊಟ್ಟೆ ಇಟ್ಟಿರುತ್ತಿತ್ತು. ಜಲ್ಲಿಕಲ್ಲಿಗೂ ಅದಕ್ಕೂ ವ್ಯತ್ಯಾಸ ತಿಳಿಯದೆ ಹತ್ತಿರ ಹೋದರೆ ಹಕ್ಕಿ ತಲೆಯ ಮೇಲೆಯೇ ಕಿರುಚಿ ಅಟ್ಟಿಸುತ್ತಿತ್ತು. ನೀರು ತೀರಾ ಇಳಿದ ವರ್ಷ ಮಡೆನೂರಿನಲ್ಲಿ ಹಿರೇಭಾಸ್ಕರ ಕಟ್ಟೆಯೇ ಮೇಲೆ ಬರುತ್ತದೆ. 1948ರಲ್ಲಿ ಮುಗಿದ ಆ ಅಣೆಕಟ್ಟೆಯನ್ನು ಆಮೇಲೆ ಬಂದ ಅಣೆಕಟ್ಟೆ ಮುಳುಗಿಸಿತು. ಹೀಗೆ ಕಟ್ಟೆಯೊಳಗೆ ಕಟ್ಟೆ ಮುಳುಗಿದ ಕಡೆ ನಮ್ಮ ಮನೆ ಮುಳುಗಿದ್ದೇನು ದೊಡ್ಡದು ಎನ್ನುತ್ತಿದ್ದ ಅಜ್ಜ.

ಅಂಥ ವರ್ಷ ಹಳೆಯ ಮನೆಯ ಜಾಗವೂ ತೆರೆದುಕೊಳ್ಳುತ್ತಿತ್ತು. ಚಿರೇಕಲ್ಲಿನ ತಳಪಾಯ, ಅಂಗಳದ ತುಳಸಿಕಟ್ಟೆಯ ಬುಡ, ಹೂಳು ತುಂಬಿದ ಬಾವಿ. ಅಜ್ಜ ಕೊಡೆ ಹಿಡಿದು ಬಂದು ಕೋಲಿನ ತುದಿಯಲ್ಲಿ ತೋರಿಸುವನು. "ಇದು ಜಗಲಿ. ಇಲ್ಲಿ ಬಚ್ಚಲು. ನಿಮ್ಮ ಅಪ್ಪ ಹುಟ್ಟಿದ್ದು ಈ ಕೋಣೇಲಿ." ಒಮ್ಮೆ ಕೆಂಪಿ ಮೇಯುತ್ತ ಮೇಯುತ್ತ ತಳಪಾಯ ದಾಟಿ ಒಳಗೆ ಬಂದಳು. ಅಜ್ಜ ಕೂಗಿಕೊಂಡ: "ಏ, ಅಡುಗೆಮನೆಗೆ ದನ ಹೊಕ್ಕಿದ್ದು ಕಾಣಲ್ವೇನ್ರೋ, ಹೊಡೀರೋ!" ನಾವು ನಿಜವಾಗಿಯೂ ಓಡಿದೆವು. ಹೊಡೆದು ಓಡಿಸಿದ್ದು ಹಿತ್ತಿಲ ಬಾಗಿಲಿನಿಂದಲೇ, ಎಂದರೆ ಬಾಗಿಲು ಇದ್ದಿತೆಂದು ಅಜ್ಜ ಹೇಳಿದ ಕಡೆಯಿಂದ. ಅವನು ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅಜ್ಜಿ ಮಾತ್ರ ಒಮ್ಮೆಯೂ ಆ ಬಯಲಿಗೆ ಇಳಿಯಲಿಲ್ಲ. ಕರೆದರೆ, "ಹಪ್ಪಳ ಒಣಗಬೇಕಲ್ಲ" ಎನ್ನುತ್ತಿದ್ದಳು.

ಹಪ್ಪಳ ಸುಳ್ಳು ನೆವ ಅಲ್ಲ ಎನ್ನುವುದನ್ನೂ ಹೇಳಬೇಕು. ಬಲಿತ ಹಲಸಿನಕಾಯಿ ಮನೆಗೆ ಬಂದರೆ ಎಲ್ಲರ ಕೈಗೂ ಕೊಬ್ಬರಿ ಎಣ್ಣೆ. ಮೇಣ ಅಂಟಿದರೆ ಸೋಪಿಗೆ ಜಗ್ಗುವುದಲ್ಲ ಅದು. ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಕುಟ್ಟಬೇಕು. ಅತ್ತೆ ಉಂಡೆ ಕಟ್ಟಿದರೆ ಚಿಕ್ಕಮ್ಮ ಎರಡು ಬಾಳೆ ಎಲೆಯ ನಡುವೆ ಇಟ್ಟು ಮಣೆಯಿಂದ ಒತ್ತುವಳು, ಅಜ್ಜಿ ಚಾಪೆಗೆ ಹರಡುವಳು. ನಮ್ಮ ಕಣ್ಣೆಲ್ಲ ಹಿಟ್ಟಿನ ಮೇಲೆ. ಬಿಸಿ ಹಪ್ಪಳದ ಹಿಟ್ಟಿಗೆ ಕೊಬ್ಬರಿ ಎಣ್ಣೆ ಕಲಸಿ ಎಲೆಯ ಚೂರಿನಲ್ಲಿ ಕೊಟ್ಟರೆ, ಹಪ್ಪಳ ಆಗದಿದ್ದರೂ ಚಿಂತೆಯಿಲ್ಲ ಅನ್ನಿಸುತ್ತಿತ್ತು. ಈಗಲೂ ನನ್ನ ಮಟ್ಟಿಗೆ ಕರಿದ ಹಪ್ಪಳ ಎರಡನೇ ದರ್ಜೆಯದು.

ತಿಂದ ಮೇಲೆ ಕಾವಲು. ಕಾಗೆಗೊಂದು, ನಾಯಿಗೊಂದು, ಕರುವಿಗೊಂದು ಕೋಲು. ಹಟ್ಟಿಯಲ್ಲಿ ಕಟ್ಟಿದ ಕರು ಕಟ್ಟಿದಲ್ಲೇ ಇರುತ್ತದೆ ಎಂದು ನಂಬಿದವರು ಮಲೆನಾಡು ಗಿಡ್ಡ ಸಾಕಿಲ್ಲ.

ಕಾಡಿಗೆ ಹೋಗಲು ಮಾತ್ರ ಅಪ್ಪಣೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಕವಳಿಹಣ್ಣು, ನೇರಳೆ, ಮುಳ್ಳುಹಣ್ಣು ಕರೆಯುತ್ತಿದ್ದರೂ ಎಲ್ಲಾದರೂ ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಆ ದಿಕ್ಕೇ ಬಂದ್. ಮಂಗನ ಕಾಯಿಲೆ ಮೊದಲು ಕಂಡ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನದು; 1957ರ ಆ ಹೆದರಿಕೆ ನಮ್ಮ ಕಾಲಕ್ಕೂ ಇಳಿದಿರಲಿಲ್ಲ, ಇಂದಿಗೂ ಪೂರ್ತಿ ಇಳಿದಿಲ್ಲ. ಸಂಜೆ ದನಗಳ ಕಿವಿ, ಕೆಚ್ಚಲ ಸಂದಿಯಿಂದ ಉಣುಗು ತೆಗೆಯುವುದು ಮಾವನ ಕೆಲಸ. ನಮ್ಮ ಕಿವಿಯ ಹಿಂದೆ, ಕಂಕುಳಲ್ಲಿ ಹುಡುಕುವುದು ಅಜ್ಜಿಯದು. ಆಮೇಲೆ ಬಚ್ಚಲ ಹಂಡೆಯ ಸುಡುಸುಡು ನೀರು. ದನಕ್ಕಿಂತ ನಾವೇ ಹೆಚ್ಚು ಕೂಗುತ್ತಿದ್ದೆವು.

ಭರಣಿ ಮಳೆ ಹನಿದು ಗುಡುಗು ಶುರುವಾದರೆ ಎಲ್ಲಕ್ಕೂ ಅವಸರ. ದರಕು, ಕಟ್ಟಿಗೆ ಒಳಗೆ ಬರಬೇಕು, ಮುರುಗಲು ಸಿಪ್ಪೆ ಒಣಗಬೇಕು, ತೋಟದ ಕಪ್ಪು ತೋಡಬೇಕು. ಮೇ ಕೊನೆಗೆ ನಮ್ಮನ್ನು ಕಳಿಸುವ ದಿನ ಜಗಲಿಯಲ್ಲಿ ಹಪ್ಪಳದ ಪಾಲು. ಬಾಳೆನಾರಿನಲ್ಲಿ ಕಟ್ಟಿದ ಕಟ್ಟುಗಳನ್ನು ಅಜ್ಜಿ ಮನೆಮನೆಯ ಲೆಕ್ಕದಲ್ಲಿ ಇಡುವಳು. ಒಂದು ವರ್ಷ ನಮ್ಮ ಕಟ್ಟು ಸಣ್ಣದಾಗಿತ್ತು. ಕೆಂಪಿಯ ಕರು ಒಂದು ಚಾಪೆ ಹಪ್ಪಳ ಮುಗಿಸಿದ ಮಧ್ಯಾಹ್ನ ಕಾವಲಿಗಿದ್ದವರು ನಾವಿಬ್ಬರು, ನಾನು ಮತ್ತು ಚಿಕ್ಕಪ್ಪನ ಮಗ. ಕರು ತಿಂದದ್ದು ನಿಮ್ಮ ಪಾಲಿನದು ಎಂದಳು ಅಜ್ಜಿ. ಕರು ಮನೆಯದು, ಆದ್ದರಿಂದ ನಷ್ಟವೂ ಮನೆಯದು ಎಂದು ಅವನು ವಾದ ಹೂಡಿದ. ಅಜ್ಜ ಕವಳ ಜಗಿಯುತ್ತ ಎರಡೂ ಕಡೆ ಕೇಳಿ, ತೀರ್ಪನ್ನು ಮುಂದಿನ ಬೇಸಿಗೆಗೆ ಮುಂದೂಡಿದ. ಮುಂದಿನ ಬೇಸಿಗೆಯಲ್ಲಿ ಅದರ ಮಾತೇ ಬರಲಿಲ್ಲ. ಚಿಕ್ಕಪ್ಪನ ಮಗ ಈಗ ವಕೀಲ. ಮದುವೆ ಮನೆಯಲ್ಲಿ ಎಲೆಗೆ ಹಪ್ಪಳ ಬಿದ್ದರೆ ಸಾಕು, ಆ ಕೇಸು ಇನ್ನೂ ಬಾಕಿ ಇದೆ ಎಂದು ಪಕ್ಕದವರಿಗೆ ಮೊದಲಿನಿಂದ ವಿವರಿಸಲು ಶುರು ಮಾಡುತ್ತಾನೆ.