ತೆಂಗಿನ ಸಸಿ ಮತ್ತು 150 ಕಿಲೋಮೀಟರ್

ಸ್ಟ್ಯಾಂಡಪ್ ಕಾಲ್ ನಡೀತಿರುವಾಗ ಅಪ್ಪ ಫೋನ್ ಮಾಡಿದ್ರೆ ಎರಡೇ ಕಾರಣ ಇರುತ್ತೆ. ಒಂದೋ ಪಂಪ್‌ಸೆಟ್ ಮೋಟರ್ ಸುಟ್ಟಿರುತ್ತೆ, ಇಲ್ಲಾ ನೆಂಟರಲ್ಲಿ ಯಾರೋ ಹೋಗ್ಬಿಟ್ಟಿರ್ತಾರೆ. 2025ರ ಏಪ್ರಿಲ್‌ನ ಆ ಬೆಳಗ್ಗೆ ಎರಡೂ ಆಗಿರಲಿಲ್ಲ.

“ಮಗಾ, ನಮ್ ಕಡೀಕೆ ಏರ್‌ಪೋರ್ಟ್ ಬತ್ತದಂತೆ. ಹೌದೇನ್ಲಾ?”

ನಮ್ಮೂರು ಕುಣಿಗಲ್ ಕಡೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಮೂರು ಜಾಗ ತೋರಿಸಿತ್ತು. ಎರಡು ಕನಕಪುರ ರಸ್ತೆಯಲ್ಲಿ, ಇನ್ನೊಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. ವಿಮಾನ ನಿಲ್ದಾಣ ಪ್ರಾಧಿಕಾರದವರು ಬಂದು ನೋಡ್ಕೊಂಡು ಹೋಗಿದ್ದರು. ಅವರ ಕಾರು ಹೈವೇ ಸೇರೋ ಮೊದಲೇ ಬ್ರೋಕರ್‌ಗಳ ಕಾರು ಊರಿಗೆ ಬಂದಿದ್ದವು ಅನ್ನಿಸುತ್ತೆ.

ಅಪ್ಪನ ಚಿಂತೆ ಬೇರೆ. ಕೆರೆ ಪಕ್ಕದ ಒಂದೂವರೆ ಎಕರೆಯಲ್ಲಿ ಹಳೇ ತೆಂಗು ಸೊರಗಿ ಹೋಗಿತ್ತು. ಮುಂಗಾರು ಬಿದ್ದ ಮೇಲೆ ಹೊಸ ಸಸಿ ಇಡಬೇಕು ಅಂತ ಗುಂಡಿ ತೆಗೆಸಿ ಗೊಬ್ಬರ ತುಂಬಿಸಿಟ್ಟಿದ್ದರು. “ಇಡ್ಲಾ, ಬ್ಯಾಡ್ವಾ? ನೀನ್ ಓದ್ದೋನು, ಹೇಳು.”

“ನೋಡಿ ಹೇಳ್ತೀನಪ್ಪ” ಅಂದೆ. ಅವರು ಫೋನ್ ಇಡೋ ಮುಂಚೆ ಇನ್ನೊಂದು ಕೇಳಿದರು. “ಈಗ ಇರೋದು ಐತಲ್ಲ ದೇವನಹಳ್ಳೀದು, ಅದು ಸರ್ಕಾರದ್ದೋ, ಕಂಪ್ನೀದೋ?”

ನಾಚಿಕೆ ಆಯ್ತು, ಸುಳ್ಳು ಹೇಳಲ್ಲ. ವರ್ಷಕ್ಕೆ ಏಳೆಂಟು ಸಲ ಅಲ್ಲಿಂದ ಹಾರ್ತೀನಿ. ಲೌಂಜಲ್ಲಿ ಎರಡು ರೂಪಾಯಿಗೆ ಇಡ್ಲಿ ತಿನ್ನೋಕೆ ಯಾವ ಕಾರ್ಡ್ ಬೇಕು ಅಂತ ಗೊತ್ತು. ಅದು ಯಾರದ್ದು ಅಂತ ಗೊತ್ತಿರಲಿಲ್ಲ.

ನಾನು ಮೊದಲು ವಿಮಾನ ನೋಡಿದ್ದು ಎಚ್‌ಎಎಲ್‌ನಲ್ಲಿ. ಪೀಣ್ಯದ ಲೇತ್ ಶಾಪ್‌ನಲ್ಲಿದ್ದ ಮಾವ ಬೇಸಿಗೆ ರಜೆಯಲ್ಲಿ ಎರಡು ಬಸ್ ಬದಲಾಯಿಸಿ ಕರ್ಕೊಂಡು ಹೋಗಿ, ಕಾಂಪೌಂಡ್ ಹೊರಗೆ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಆ ಜಾಗ ಶುರುವಾಗಿದ್ದು ಪ್ರಯಾಣಿಕರಿಗಾಗಿ ಅಲ್ಲ. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ವಿಮಾನ ಕಾರ್ಖಾನೆ ಕಟ್ಟಿದರು. ಅದರ ರನ್‌ವೇ ಮೇಲೇ ಮುಂದೆ ಊರಿನವರೆಲ್ಲ ಹಾರಿದರು. ರನ್‌ವೇ ಎಚ್‌ಎಎಲ್‌ದು, ಟರ್ಮಿನಲ್ ಪ್ರಾಧಿಕಾರದ್ದು. ಒಂದು ಥರ ಬಾಡಿಗೆ ಮನೆ ಸಂಸಾರ.

ದೇವನಹಳ್ಳಿ ಜಾಗ ಗುರುತಾಗಿದ್ದು 90ರ ದಶಕದ ಆರಂಭದಲ್ಲಿ. 1995ರಲ್ಲಿ ಟಾಟಾ, ರೇಥಿಯಾನ್, ಸಿಂಗಪುರದ ಚಾಂಗಿಯವರು ಸೇರಿ ಬಂದರು, ಕಾದರು, 1998ರಲ್ಲಿ ಕೈಬಿಟ್ಟು ಹೋದರು. ಬಿಐಎಎಲ್ ಅನ್ನೋ ಕಂಪನಿ ಹುಟ್ಟಿದ್ದು 2001ರಲ್ಲಿ. ಅದರ ಷೇರುದಾರರ ಪಟ್ಟಿ ನೋಡಿ: ಸೀಮೆನ್ಸ್ 40%, ಎಲ್ ಅಂಡ್ ಟಿ 17%, ಜ್ಯೂರಿಕ್ ವಿಮಾನ ನಿಲ್ದಾಣದ ಕಂಪನಿ 17%, ರಾಜ್ಯದ ಪರವಾಗಿ ಕೆಎಸ್‌ಐಐಡಿಸಿ 13%, ಕೇಂದ್ರದ ಪರವಾಗಿ ಪ್ರಾಧಿಕಾರ 13%.

ಈ ಪಟ್ಟೀಲಿ ನನಗೆ ತಮಾಷೆ ಅನ್ನಿಸಿದ್ದು ಜ್ಯೂರಿಕ್. ಆ ಕಂಪನಿಯಲ್ಲಿ ಜ್ಯೂರಿಕ್ ನಗರಕ್ಕೇ ಪಾಲಿದೆ. ಅಂದ್ರೆ ಬೆಂಗಳೂರಿನ ಏರ್‌ಪೋರ್ಟಲ್ಲಿ ಒಂದು ಚೂರು ಜ್ಯೂರಿಕ್ ಊರಿನವರದ್ದಾಗಿತ್ತು, ಬೆಂಗಳೂರಿನ ಪಾಲಿಕೆಯದ್ದು ಏನೂ ಇರಲಿಲ್ಲ! ಅಮೆರಿಕದ ಶಿಕಾಗೊ, ಲಾಸ್ ಏಂಜಲೀಸ್‌ನಲ್ಲಿ ಏರ್‌ಪೋರ್ಟ್ ಅನ್ನೋದು ನೀರು, ಕಸದ ಥರ ನಗರದ ಒಂದು ಇಲಾಖೆ. ನಮ್ಮ ಪಾಲಿಕೆಗೆ ಕೊಟ್ಟಿದ್ದರೆ ರನ್‌ವೇ ಗುಂಡಿ ಮುಚ್ಚೋಕೂ ಟೆಂಡರ್ ಕರೀತಿದ್ರು ಅಂತ ನೀವು ನಗಬಹುದು. ನಾನೂ ನಕ್ಕೆ. ಆದರೆ ಕೇಳೋಕೆ ಒಬ್ಬ ಕಾರ್ಪೊರೇಟರ್ ಆದರೂ ಇರ್ತಿದ್ದ.

ಷೇರು ಆಮೇಲೆ ಕೈ ಬದಲಾಯಿಸ್ತಾ ಹೋಯಿತು. 2009ರಲ್ಲಿ ಜಿವಿಕೆ ಬಂತು, 2017ರಲ್ಲಿ ಕೆನಡಾದ ಫೇರ್‌ಫ್ಯಾಕ್ಸ್ ಬಂತು. ಈಗ ಸುಮಾರು 74% ಅವರದ್ದೇ. ಉಳಿದ 26%ರಲ್ಲಿ ರಾಜ್ಯ, ಕೇಂದ್ರ ಅರ್ಧರ್ಧ. ಸುಮಾರು 4,000 ಎಕರೆ ಜಮೀನು ಮಾತ್ರ ಗುತ್ತಿಗೆ, ಒಡೆತನ ರಾಜ್ಯದ ಕೆಎಸ್‌ಐಐಡಿಸಿಯದು. ಆಕಾಶದ ಟ್ರಾಫಿಕ್ ಪ್ರಾಧಿಕಾರದ್ದು, ಗೇಟಲ್ಲಿ ಐಡಿ ನೋಡೋರು ಸಿಐಎಸ್‌ಎಫ್. ಟಿಕೆಟ್‌ನಲ್ಲಿ ಸೇರಿಕೊಳ್ಳೋ ಬಳಕೆದಾರರ ಶುಲ್ಕ ಎಷ್ಟು ಅಂತ ನಿರ್ಧರಿಸೋದು ದೆಹಲಿಯ ಎಇಆರ್‌ಎ. ನಮ್ಮ ಆಫೀಸಲ್ಲಿ ಹತ್ತು ಟೀಮಿನ ಕೋಡ್ ಸೇರಿ ಒಂದು ಆ್ಯಪ್ ಆಗಿರುತ್ತೆ, ರಾತ್ರಿ ಬಿದ್ದಾಗ ಯಾರನ್ನ ಎಬ್ಬಿಸಬೇಕು ಅಂತ ಗೊತ್ತಾಗಲ್ಲ. ಹಾಗೆ.

ಅಪ್ಪನಿಗೆ ಉತ್ತರ ಇದ್ದಿದ್ದು 2004ರ ಜುಲೈ 5ರಂದು ಕೇಂದ್ರ ಸರ್ಕಾರ ಮತ್ತು ಬಿಐಎಎಲ್ ಸಹಿ ಹಾಕಿದ ಒಪ್ಪಂದದಲ್ಲಿ. 30 ವರ್ಷದ ಹಕ್ಕು, ಬೇಕಾದರೆ ಇನ್ನೂ 30. ಕೇಂದ್ರಕ್ಕೆ ಒಟ್ಟು ಆದಾಯದ 4%, ಮೊದಲ ಹತ್ತು ವರ್ಷದ್ದನ್ನ ಆಮೇಲೆ ಕಂತಲ್ಲಿ ಕಟ್ಟಬಹುದು. ದೆಹಲಿಯಲ್ಲಿ ಇದೇ ಪಾಲು 45.99%. ಅಲ್ಲಿ ಕಟ್ಟಿದ ಏರ್‌ಪೋರ್ಟ್ ಕೈಗೆ ಸಿಕ್ಕಿತ್ತು, ಇಲ್ಲಿ ಬಯಲಲ್ಲಿ ಹೊಸದಾಗಿ ಕಟ್ಟಬೇಕಿತ್ತು, ಆ ವ್ಯತ್ಯಾಸ ಒಪ್ಪೋಣ. ನನ್ನ ಕಣ್ಣು ನಿಂತಿದ್ದು ಇನ್ನೊಂದು ಷರತ್ತಿನ ಮೇಲೆ. ನಿಲ್ದಾಣ ಶುರುವಾದ ಮೇಲೆ 25 ವರ್ಷ, 150 ಕಿಲೋಮೀಟರ್ ವೈಮಾನಿಕ ದೂರದೊಳಗೆ ಇನ್ನೊಂದು ನಿಲ್ದಾಣಕ್ಕೆ ಕೇಂದ್ರ ಒಪ್ಪುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ.

ಕೆಂಪೇಗೌಡ ನಿಲ್ದಾಣ ಶುರುವಾಗಿದ್ದು 2008ರ ಮೇ 24ಕ್ಕೆ. ಅವತ್ತಿಗೇ ಎಚ್‌ಎಎಲ್‌ನ ಪ್ರಯಾಣಿಕ ವಿಮಾನಗಳು ನಿಂತವು. ವೈಟ್‌ಫೀಲ್ಡಿಂದ ಹತ್ತಿರದಲ್ಲೇ ಇದ್ದ ಏರ್‌ಪೋರ್ಟ್ ಬಿಟ್ಟು ನಾವೆಲ್ಲ ಟಿನ್ ಫ್ಯಾಕ್ಟರಿ, ಹೆಬ್ಬಾಳ ದಾಟಿ ಎರಡು ಗಂಟೆ ಹೋಗೋದು ಆ ಕಾಗದದಿಂದ. ಹೈದರಾಬಾದಿಗೆ ಹಾರೋಕೆ ಒಂದೇ ಗಂಟೆ! ತಮಿಳುನಾಡು 2024ರಲ್ಲಿ ಹೊಸೂರಲ್ಲಿ ಏರ್‌ಪೋರ್ಟ್ ಮಾಡ್ತೀವಿ ಅಂದಾಗಲೂ ಅಡ್ಡ ಬಂದಿದ್ದು ಅದೇ ಕಾಗದ. 25 ವರ್ಷ ಮುಗಿಯೋದು 2033ರ ಮೇನಲ್ಲಿ.

ಲೆಕ್ಕ ಹಾಕಿದೆ. ನಮ್ಮ ಕಡೆ ನಾಟಿ ತೆಂಗು ಫಲಕ್ಕೆ ಬರೋಕೆ ಏಳು ವರ್ಷ. ಈಗ ಇಟ್ಟರೆ 2032ಕ್ಕೆ ಮೊದಲ ಗೊನೆ. ಷರತ್ತು ಮುಗಿಯೋದೂ ಅದರ ಹಿಂದೆ ಹಿಂದೆಯೇ. ನಾನು ಹೈಸ್ಕೂಲಲ್ಲಿ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ ಯಾರೋ ಹಾಕಿದ ಸಹಿಗೂ ಅಪ್ಪ ತೆಗೆಸಿದ ಗುಂಡಿಗೂ ಸಂಬಂಧ ಇದೆ ಅಂತ ಆವತ್ತು ಗೊತ್ತಾಯಿತು. ಷರತ್ತು ಮುಗಿಯೋವರೆಗೂ ಜಮೀನು ಸುಮ್ಮನೆ ಬಿಡ್ತಾರೆ ಅಂತಲೂ ಇಲ್ಲ. ನೋಟಿಫಿಕೇಶನ್ ಯಾವಾಗ ಬೇಕಾದರೂ ಬರಬಹುದು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಆಗಿದ್ದು ನಿಮಗೆ ನೆನಪಿರಬೇಕು. ಏರೋಸ್ಪೇಸ್ ಪಾರ್ಕಿಗೆ ಅಂತ 13 ಹಳ್ಳಿಯ 1,777 ಎಕರೆ. ಕೆಐಎಡಿಬಿ ನೋಟೀಸಿನ ವಿರುದ್ಧ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ಆ ಸಂಜೆ ಟಿವಿ ನೋಡಿ ಅಪ್ಪ ಮತ್ತೆ ಫೋನ್ ಮಾಡಿದರು.

ನಾನು ಓದಿದ್ದೆಲ್ಲ ಹೇಳಿದೆ. 150 ಕಿಲೋಮೀಟರ್, 2033, ಕೆನಡಾ, 13%. ಮಧ್ಯದಲ್ಲಿ ಒಂದು ಸಲ “ಹ್ಞೂ” ಅಂದರು ಅಷ್ಟೇ. ಕೊನೆಗೆ ನಾನೇ ಕೇಳಿದೆ, “ಈಗ ಸಸಿ ಏನ್ ಮಾಡ್ತೀರಪ್ಪ?”

“ಇಟ್ ಹದಿನೈದ್ ದಿನ ಆಯ್ತು ಕಣ್ಲಾ. ನಲವತ್ತು. ಮಳೆ ನಿನ್ನ ಫೋನಿಗೆ ಕಾಯ್ತದಾ?”

“ಮತ್ತೆ ಏರ್‌ಪೋರ್ಟ್ ಬಂದ್ರೆ?”

“ಬಂದ್ರೆ ಮರ ಮಾಲ್ಕಿ ಬರೆಯಾಕೆ ಬತ್ತಾರಲ್ಲ, ಎಣಿಸ್ಕೊಳ್ಲಿ. ಶನಿವಾರ ಬರೋವಾಗ ಡ್ರಿಪ್ ಪೈಪಿನ ಜಾಯಿಂಟ್ ತಗೊಂಬಾ. ಕುಣಿಗಲ್ಲಲ್ಲಿ ಸಿಕ್ಕೋದು ಲೀಕ್ ಆಯ್ತದೆ.”

ಜಾಯಿಂಟ್ ತಂದುಕೊಟ್ಟಿದ್ದೇನೆ. ಎರಡು ಸಸಿ ಒಣಗಿದವಂತೆ, ಮೂವತ್ತೆಂಟು ಇವೆ.