ಹಿಂಡಿಯ ಹಡಗು

ಹಿಂಡಿದ ಮೇಲೆ ಉಳಿಯುವುದು ಹಿಂಡಿ. ಕನ್ನಡವು ಇಲ್ಲಿ ಕ್ರಿಯೆಯಿಂದಲೇ ವಸ್ತುವಿಗೆ ಹೆಸರಿಟ್ಟಿದೆ. ಅಕ್ಕಲಕೋಟ, ಜತ್ತ ಸೀಮೆಯ ಕನ್ನಡ ರೈತನು ಮನೆಯಲ್ಲಿ ಅದನ್ನು ಹಿಂಡಿ ಎನ್ನುತ್ತಾನೆ. ಪೇಟೆಯ ಅಂಗಡಿಯಲ್ಲಿ ಮರಾಠಿಯ ‘ಪೇಂಡ್’ ಎಂಬ ಹೆಸರಿನಿಂದ ಕೇಳಿ ಪಡೆಯುತ್ತಾನೆ. ಹೆಸರು ಎರಡಾದರೂ ಅದರ ಸ್ಥಾನ ಒಂದೇ ಆಗಿತ್ತು: ಎಣ್ಣೆ ಅಡುಗೆಮನೆಗೆ, ಹಿಂಡಿ ಕೊಟ್ಟಿಗೆಗೆ. ಶೇಂಗಾ, ಕುಸುಬಿಗಳನ್ನು ಗಾಣಕ್ಕೆ ಹಾಕಿದವರ ಕಣ್ಣು ಎಣ್ಣೆಯ ಮೇಲಿತ್ತು. ಹಿಂಡಿ ಅದರ ಜೊತೆಗೆ ಬಂದ ಲಾಭ.

ಸೋಯಾಬೀನ್ ಈ ಕ್ರಮವನ್ನು ತಲೆಕೆಳಗು ಮಾಡಿತು. ನೂರು ಕಿಲೋ ಕಾಳಿನಿಂದ ದೊರೆಯುವ ಎಣ್ಣೆ ಸುಮಾರು 18 ಕಿಲೋ. ಹಿಂಡಿ 80 ಕಿಲೋದಷ್ಟು. ಆ ಹಿಂಡಿಯಲ್ಲಿ ಪ್ರೋಟೀನ್ ಶೇ. 45ರ ಆಸುಪಾಸು. ಕೋಳಿಯ ಆಹಾರದಲ್ಲಿ ಗೋವಿನಜೋಳ ಶಕ್ತಿಯನ್ನು ಕೊಡುತ್ತದೆ. ಆದರೆ ಮೈ ಬೆಳೆಯಲು ಬೇಕಾದ ಲೈಸಿನ್ ಅದರಲ್ಲಿ ಕಡಿಮೆ. ಆ ಕೊರತೆಯನ್ನು ತುಂಬುವುದು ಸೋಯಾ ಹಿಂಡಿ. ಆರು ವಾರಗಳಲ್ಲಿ ಬೆಳೆದು ಮಾರಾಟಕ್ಕೆ ಹೋಗಬೇಕಾದ ಮರಿಗೆ ಒಂದು ವಾರವೂ ಅದು ತಪ್ಪುವಂತಿಲ್ಲ. ಹೊಲದ ಫಸಲು ವರ್ಷಕ್ಕೊಮ್ಮೆ, ಕೋಳಿಯ ಹಸಿವು ದಿನನಿತ್ಯ. ಪೂರೈಕೆಯ ಸಂಕಟ ಹುಟ್ಟುವುದು ಈ ಅಂತರದಲ್ಲಿಯೇ.

ಸಾಮಾನ್ಯವಾಗಿ ಭಾರತವು ಸೋಯಾ ಹಿಂಡಿಯನ್ನು ಹೊರಗೆ ಮಾರುವ ದೇಶ. 2021ರಲ್ಲಿ ಅದೇ ದೇಶ ಕೊಳ್ಳುವವರ ಸಾಲಿನಲ್ಲಿ ನಿಂತಿತು. ಹಳೆಯ ದಾಸ್ತಾನು ಕರಗುತ್ತ ಬಂದಂತೆ ಸೋಯಾಬೀನ್ ದರ ಕ್ವಿಂಟಲಿಗೆ 10,000 ರೂಪಾಯಿಯ ಗಡಿ ಮುಟ್ಟಿತು. ಆ ವರ್ಷದ ಬೆಂಬಲ ಬೆಲೆ 3,950 ರೂಪಾಯಿ. ಕೋಳಿ ಸಾಕುವವರ ಮೊರೆಯನ್ನು ಆಲಿಸಿದ ಕೇಂದ್ರ ಸರ್ಕಾರವು ಆಗಸ್ಟ್ ತಿಂಗಳ ಕೊನೆಯಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ನೀಡಿತು. ಈ ನೆಲದಲ್ಲಿ ಕುಲಾಂತರಿ ಸೋಯಾ ಬಿತ್ತಲು ಅನುಮತಿಯಿಲ್ಲ. ಆದರೆ ಎಣ್ಣೆ ತೆಗೆದ ಹಿಂಡಿಯಲ್ಲಿ ಮೊಳೆಯುವ ಜೀವವಿಲ್ಲ, ಆದುದರಿಂದ ಪರಿಸರದ ದೃಷ್ಟಿಯಿಂದ ಆಕ್ಷೇಪವಿಲ್ಲ ಎಂಬ ತರ್ಕದಿಂದ ಬಾಗಿಲು ತೆರೆಯಿತು.

ಬಾಗಿಲು ತೆರೆದ ಹೊತ್ತು ಯಾವುದು ಎಂಬುದೇ ಇಲ್ಲಿಯ ಪ್ರಶ್ನೆ. ಮುಂಗಾರಿನ ಸೋಯಾ ರಾಶಿಯಾಗುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ದಕ್ಷಿಣ ಅಮೆರಿಕದಿಂದ ಹೊರಟ ಹಡಗು ನಮ್ಮ ಬಂದರಿಗೆ ಬರಲು ತಿಂಗಳಿಗೂ ಮಿಕ್ಕಿ ಬೇಕು. ಆದರೆ ಹಡಗಿನ ಸುದ್ದಿಗೆ ಸಮುದ್ರ ದಾಟುವ ಶ್ರಮವಿಲ್ಲ. ಅದು ಅಡತಿ ಅಂಗಡಿಯನ್ನು ಒಂದೇ ದಿನದಲ್ಲಿ ಮುಟ್ಟುತ್ತದೆ. ಹೊಸ ಕಾಳು ಪೇಟೆಗೆ ಬಂದಾಗ ದರ ಸುಮಾರು ಅರ್ಧಕ್ಕೆ ಇಳಿದಿತ್ತು. ಹೊಸ ಫಸಲಿನ ಆವಕವೂ ಆ ಇಳಿತಕ್ಕೆ ಕಾರಣವೆಂಬುದು ನಿಜ. ಆದರೂ ಹತ್ತು ಸಾವಿರದ ದರವಿದ್ದಾಗ ಬಹುತೇಕ ರೈತರ ಮನೆಯಲ್ಲಿ ಕಾಳಿರಲಿಲ್ಲ. ಕಾಳು ಬಂದಾಗ ಆ ದರವಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾಗುವುದು ಅಪರೂಪ.

ಕೋಳಿ ಸಾಕುವವನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವನ ಖರ್ಚಿನ ಬಹುಭಾಗ ಆಹಾರಕ್ಕೇ ಹೋಗುತ್ತದೆ. ಒಂದೇ ಮನೆತನದಲ್ಲಿ ಅಣ್ಣನ ಹೊಲದಲ್ಲಿ ಸೋಯಾ, ತಮ್ಮನ ಶೆಡ್ಡಿನಲ್ಲಿ ಕೋಳಿ ಇದ್ದರೆ ಒಬ್ಬನ ಹಬ್ಬ ಇನ್ನೊಬ್ಬನ ಉಪವಾಸವಾಗುತ್ತದೆ.

ಅನ್ಯರ ಕಾಳನ್ನು ನಂಬಿದವರ ಪಾಡಿಗೆ ಜಪಾನಿನ ಉದಾಹರಣೆಯಿದೆ. 1972ರಲ್ಲಿ ಎಲ್ ನಿನೊ ಕಾರಣದಿಂದ ಪೆರುವಿನ ಕಡಲಲ್ಲಿ ಆಂಚೊವಿ ಮೀನು ಕುಸಿಯಿತು. ಮೀನಿನ ಹಿಂಡಿ ಸಿಗದ ಜಗತ್ತು ಸೋಯಾದ ಕಡೆ ತಿರುಗಿತು, ದರ ಏರಿತು. 1973ರ ಜೂನ್‌ನಲ್ಲಿ ಅಮೆರಿಕವು ತನ್ನವರಿಗಾಗಿ ರಫ್ತನ್ನೇ ತಡೆಯಿತು. ನಿಷೇಧ ಬೇಗನೆ ಸಡಿಲವಾಯಿತು, ಆದರೆ ಬಹುಪಾಲು ಸೋಯಾವನ್ನು ಅಮೆರಿಕದಿಂದಲೇ ತರಿಸುತ್ತಿದ್ದ ಜಪಾನ್ ಆ ಪೆಟ್ಟನ್ನು ಮರೆಯಲಿಲ್ಲ. ಮುಂದೆ ಅದು ಬ್ರೆಜಿಲ್‌ನ ಸೆರಾಡೊ ಬಯಲನ್ನು ಸಾಗುವಳಿಗೆ ತರಲು ನೆರವಾಯಿತು. ಬ್ರೆಜಿಲ್ ಇಂದು ಸೋಯಾ ಬೆಳೆಯುವುದರಲ್ಲಿ ಮೊದಲ ದೇಶ. ಜಪಾನ್ ಅಗ್ಗದ ಹಡಗನ್ನಷ್ಟೇ ಹುಡುಕಲಿಲ್ಲ. ಇನ್ನೊಂದು ಹೊಲವನ್ನು ಕಟ್ಟಿತು.

ಆಮದು ಔಷಧವಿದ್ದಂತೆ, ಪ್ರಮಾಣದಷ್ಟೇ ವೇಳೆಯೂ ಮುಖ್ಯ. ಕೊರತೆಯ ಲಕ್ಷಣ ಬೇಸಿಗೆಯಲ್ಲಿ ಕಂಡರೆ ಬೇಸಿಗೆಯಲ್ಲಿಯೇ ತರಿಸಬೇಕು, ರಾಶಿಯ ಕಾಲಕ್ಕೆ ನಿಲ್ಲಿಸಬೇಕು. ಕೊಯ್ಲಿನಲ್ಲಿ ಕೊಂಡು ತೇವ ತಾಗದಂತೆ ಕಾಪಿಡುವ ಗೋದಾಮು, ಬಿತ್ತನೆಗೆ ಮುನ್ನವೇ ಬೆಳೆಗಾರನೊಡನೆ ದರದ ಕರಾರು, ಸೂರ್ಯಕಾಂತಿ, ಸಾಸಿವೆ ಹಿಂಡಿಗಳನ್ನು ಮಿತಿಯರಿತು ಬೆರೆಸುವ ಜಾಣ್ಮೆ, ಇವೆಲ್ಲ ಹಡಗಿನಷ್ಟೇ ಬೆಲೆಯುಳ್ಳ ಉಪಾಯಗಳು. ಪೂರೈಕೆಯ ಅಪಾಯವನ್ನು ಶೆಡ್ಡಿನಿಂದ ಹೊಲಕ್ಕೆ ಸಾಗಿಸಿದರೆ ಅದು ಕಳೆದಂತಾಗುವುದಿಲ್ಲ, ಕೈ ಬದಲಿಸಿದಂತಾಗುತ್ತದೆ. ಕಾಳನ್ನು ಹಿಂಡಿದರೆ ಹಿಂಡಿ ಉಳಿಯುತ್ತದೆ; ಬೆಳೆದವನನ್ನೇ ಹಿಂಡಿದರೆ ಮರುವರ್ಷದ ಬಿತ್ತನೆಯೂ ಉಳಿಯದು.